ಮೊದಲು ಕಾವು, ಆಮೇಲೆ ಹಾಲು: ನಿತ್ರಾಣ ಕುರಿಮರಿಗಳ ಆರೈಕೆಯಲ್ಲಿ ನನ್ನ ಅನುಭವ

ಶಿರಾ ತಾಲ್ಲೂಕಿನಲ್ಲಿ ನಮಗಿರುವುದು ಎರಡೂವರೆ ಎಕರೆ ಖುಷ್ಕಿ ಜಮೀನು. ಅದರ ಒಂದು ಮೂಲೆಯಲ್ಲಿ ಹಾಕಿಕೊಂಡಿರುವ ತಗಡಿನ ಕೊಟ್ಟಿಗೆಯಲ್ಲಿ ಈಗ 18 ತಾಯಿ ಕುರಿಗಳಿವೆ. ಅಪ್ಪನ ಕಾಲದಲ್ಲಿ ನಮ್ಮಲ್ಲಿದ್ದದ್ದು ನಾಟಿ ಕುರಿಗಳು. ಅವು ಹೆಚ್ಚಾಗಿ ಒಂದೇ ಮರಿ ಹಾಕುತ್ತಿದ್ದವು, ಆ ಮರಿ ಗಟ್ಟಿಯಾಗಿಯೇ ಹುಟ್ಟುತ್ತಿತ್ತು, ಈದ ಅರ್ಧ ಗಂಟೆಯೊಳಗೆ ತಾನೇ ಎದ್ದು ಕೆಚ್ಚಲು ಹುಡುಕುತ್ತಿತ್ತು. ನಾನು ನಾರಿ ಸುವರ್ಣ ಟಗರನ್ನು ತಂದು ಬಿಟ್ಟ ಮೇಲೆ, ಅದಕ್ಕೆ ಹುಟ್ಟಿದ ಹೆಣ್ಣುಗಳು ಗಬ್ಬವಾಗಿ ಈಯತೊಡಗಿದಾಗ, ಅವಳಿ ಮರಿಗಳು ಬರತೊಡಗಿದವು. ಮಹಾರಾಷ್ಟ್ರದ ಫಲ್ಟಣದ ನಾರಿ (ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ) ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯ ಅವಳಿ ಹಾಕುವ ಗುಣವನ್ನು ಡೆಕ್ಕನಿ ಕುರಿಗೆ ಸೇರಿಸಿ ಬೆಳೆಸಿದ ತಳಿ ಇದು. ಮರಿಗಳ ಲೆಕ್ಕ ಹೆಚ್ಚಿತು, ಆದರೆ ಎರಡನೆಯ ಮರಿ ಎಷ್ಟೋ ಸಲ ಒಂದೂವರೆ ಕೆ.ಜಿ. ಕೂಡ ತೂಗುತ್ತಿರಲಿಲ್ಲ. ಅಂಥ ಮರಿಯನ್ನು ಉಳಿಸಿಕೊಳ್ಳುವುದು ಹೇಗೆಂಬುದನ್ನು ನಾನು ಕೆಲವು ಮರಿಗಳನ್ನು ಕಳೆದುಕೊಂಡ ಮೇಲೆಯೇ ಕಲಿತೆ.

ಮೊದಲು ಕಳೆದುಕೊಂಡ ಮರಿಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಆ ತಪ್ಪನ್ನು ಇಂದಿಗೂ ಅನೇಕರು ಮಾಡುವುದನ್ನು ನೋಡುತ್ತಿದ್ದೇನೆ. ಪುಷ್ಯ ಮಾಸದ ಒಂದು ರಾತ್ರಿ, ಮಬ್ಬು ಬೆಳಕಿನಲ್ಲಿ ಕೊಟ್ಟಿಗೆಗೆ ಹೋದಾಗ ಅವಳಿಯಲ್ಲಿ ಚಿಕ್ಕದು ಗೋಡೆಯ ಪಕ್ಕದಲ್ಲಿ ಒದ್ದೆಯಾಗಿಯೇ ಬಿದ್ದಿತ್ತು. ತಾಯಿ ದೊಡ್ಡ ಮರಿಯನ್ನು ನೆಕ್ಕುವುದರಲ್ಲಿ ಮುಳುಗಿತ್ತು. ಹೊಟ್ಟೆಗೆ ಹಾಲು ಬಿದ್ದರೆ ಚೇತರಿಸಿಕೊಳ್ಳುತ್ತದೆ ಎಂದುಕೊಂಡು ನಾನು ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಹಸುಗೂಸಿಗೆ ಕುಡಿಸುವಂತೆ ಬಾಯಿಗೆ ಹಾಲು ಹನಿಸಿದೆ. ಅದು ನುಂಗಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದಾಯಿತು, ಮೂಗಿನಿಂದ ಹಾಲು ಹೊರಬಂದಿತು, ಬೆಳಗಾಗುವಷ್ಟರಲ್ಲಿ ಮರಿ ಹೋಗಿತ್ತು. ಮೈ ತಣ್ಣಗಾದ ಮರಿಗೆ ಚೀಪುವ ಶಕ್ತಿಯೂ ಇರುವುದಿಲ್ಲ, ನುಂಗುವ ಶಕ್ತಿಯೂ ಇರುವುದಿಲ್ಲ. ನಾನು ಕೊಟ್ಟ ಹಾಲು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗಿತ್ತು. ಒಂದು ವೇಳೆ ಹೊಟ್ಟೆಗೆ ಇಳಿದರೂ ತಣ್ಣನೆಯ ದೇಹ ಅದನ್ನು ಅರಗಿಸಿಕೊಳ್ಳಲಾರದು.

ಅಂದಿನಿಂದ ನನ್ನ ಕೈಗೆ ಮೊದಲು ಬರುವುದು ಥರ್ಮಾಮೀಟರ್. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದೊಳಗೆ ಇಟ್ಟರೆ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆರೋಗ್ಯವಾಗಿರುವ ಎಳೆಯ ಮರಿಯ ಮೈಶಾಖ 102ರಿಂದ 104 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 99ರಿಂದ 102ರ ನಡುವೆ ಇದ್ದರೆ ಮರಿಯನ್ನು ಚೆನ್ನಾಗಿ ಒರೆಸಿ, ತಾಯಿಯ ಗಿಣ್ಣು ಹಾಲು ಕುಡಿಸಿ, ಗಾಳಿ ಬೀಸದ ಜಾಗದಲ್ಲಿಟ್ಟು ಅರ್ಧ ಗಂಟೆಗೊಮ್ಮೆ ನೋಡುತ್ತಿದ್ದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. 99ಕ್ಕಿಂತ ಕೆಳಗಿಳಿದಿದ್ದರೆ ಹಾಲಿನ ಮಾತನ್ನು ಬದಿಗಿಟ್ಟು ಕಾವು ಕೊಡಬೇಕು. ಥರ್ಮಾಮೀಟರ್ ಇಲ್ಲದವರು ಮರಿಯ ಬಾಯೊಳಗೆ ಬೆರಳಿಟ್ಟು ನೋಡಬಹುದು. ಬಾಯಿ ಬೆಚ್ಚಗಿದ್ದು ನಾಲಿಗೆ ಬೆರಳನ್ನು ಒತ್ತಿ ಚೀಪಿದರೆ ಧೈರ್ಯ ತಂದುಕೊಳ್ಳಬಹುದು, ಬಾಯಿ ತಣ್ಣಗಿದ್ದು ನಾಲಿಗೆ ಅಲುಗದಿದ್ದರೆ ಮರಿ ಅಪಾಯದಲ್ಲಿದೆ.

ಕಾವು ಕೊಡುವುದರಲ್ಲಿಯೂ ಒಂದು ಸೂಕ್ಷ್ಮವಿದೆ, ಅದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಭಾಗದ ಪಶುವೈದ್ಯರು. ಮರಿ ಹುಟ್ಟುವಾಗ ಅದರ ಮೈಯಲ್ಲಿ ಕಂದು ಕೊಬ್ಬೆಂಬ ಒಂದಿಷ್ಟು ಉರುವಲು ಇರುತ್ತದೆ. ಹಾಲು ಸಿಗದಿದ್ದರೆ ಸುಮಾರು ಐದು ಗಂಟೆಗಳಲ್ಲಿ ಅದು ಉರಿದುಹೋಗುತ್ತದೆ. ಆಗತಾನೇ ಹುಟ್ಟಿ ಒದ್ದೆಯಿಂದ ತಣ್ಣಗಾದ ಮರಿಗೆ ನೇರವಾಗಿ ಕಾವು ಕೊಡಬಹುದು, ಏಕೆಂದರೆ ಒಳಗೆ ಇನ್ನೂ ಉರುವಲಿದೆ. ಆದರೆ ಹುಟ್ಟಿ ಐದು ಗಂಟೆಗೂ ಮೇಲಾಗಿದ್ದು, ಹೊಟ್ಟೆ ಬೆನ್ನಿಗೆ ಹತ್ತಿಕೊಂಡು, ಕತ್ತು ಎತ್ತಲಾಗದೆ ಬಿದ್ದಿರುವ ಮರಿಗೆ ಕಾವನ್ನಷ್ಟೇ ಕೊಟ್ಟರೆ, ಮೈ ಬಿಸಿಯಾಗುತ್ತಿದ್ದಂತೆ ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಸಕ್ಕರೆಯೂ ಮುಗಿದು ಸೆಳವು ಬಂದು ಸಾಯುತ್ತದೆ. ಅಂಥ ಮರಿಗೆ ಮೊದಲು ಗ್ಲೂಕೋಸ್ ಸೇರಬೇಕು. ಪಶುವೈದ್ಯರು ಶೇಕಡಾ 20ರ ಡೆಕ್ಸ್‌ಟ್ರೋಸ್ ದ್ರಾವಣವನ್ನು ಮೈಶಾಖಕ್ಕೆ ಬೆಚ್ಚಗೆ ಮಾಡಿ, ಒಂದು ಕೆ.ಜಿ. ತೂಕಕ್ಕೆ 10 ಮಿಲಿಯಂತೆ ಹೊಟ್ಟೆಯೊಳಕ್ಕೆ ಸೂಜಿಯಿಂದ ಕೊಡುತ್ತಾರೆ. ಇದನ್ನು ಕಣ್ಣಾರೆ ನೋಡಿ ಕಲಿಯದವರು ಮಾಡಬಾರದು, ಸೂಜಿ ತಪ್ಪಿದರೆ ಕರುಳಿಗೋ ಮೂತ್ರಚೀಲಕ್ಕೋ ಚುಚ್ಚುತ್ತದೆ. ನಾನು ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡುತ್ತೇನೆ, ಇಲ್ಲವೇ ವೈದ್ಯರಿಗೇ ಫೋನ್ ಮಾಡುತ್ತೇನೆ. ಒಸಡಿಗೆ ಜೇನು ಸವರುವುದನ್ನು ಹಿರಿಯರು ಹೇಳುತ್ತಾರೆ, ವೈದ್ಯರು ಬರುವವರೆಗೆ ನಾನೂ ಸವರುತ್ತೇನೆ, ಆದರೆ ಅದು ಸೂಜಿಯ ಕೆಲಸವನ್ನು ಮಾಡುವುದಿಲ್ಲ.

ನಮ್ಮ ಹಟ್ಟಿಗಳಲ್ಲಿ ಎಳೆಯ ಮರಿಗಳನ್ನು ಬಿದಿರಿನ ಗೂಡೆಯಡಿ ಮುಚ್ಚಿ ಕಂಬಳಿ ಹೊದಿಸುವ ವಾಡಿಕೆ ಹಿಂದಿನಿಂದಲೂ ಇದೆ. ಅದು ಬಲವಾದ ಮರಿಗೆ ಸಾಕು. ತನ್ನಲ್ಲಿ ಕಾವೇ ಇಲ್ಲದ ಮರಿಗೆ ಕಂಬಳಿ ಹೊದಿಸಿದರೆ ಪ್ರಯೋಜನವಿಲ್ಲ, ಹೊರಗಿನಿಂದ ಕಾವು ಬರಲೇಬೇಕು. ನಾನು ರಟ್ಟಿನ ಪೆಟ್ಟಿಗೆಗೆ ಒಣ ಹುಲ್ಲು ಹಾಸಿ, ಬಿಸಿನೀರು ತುಂಬಿದ ಎರಡು ಬಾಟಲಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ, ನಡುವೆ ಮರಿಯನ್ನು ಮಲಗಿಸುತ್ತೇನೆ. ಕರೆಂಟು ಇದ್ದರೆ ಎರಡೂವರೆ ಅಡಿ ಎತ್ತರದಲ್ಲಿ ಕಾವಿನ ಬಲ್ಬು ತೂಗುಹಾಕುತ್ತೇನೆ. ಕೆಂಡದ ಬಾಂಡಲಿಯನ್ನು ಬಿಟ್ಟುಬಿಟ್ಟಿದ್ದೇನೆ, ಮುಚ್ಚಿದ ಕೊಟ್ಟಿಗೆಯಲ್ಲಿ ಅದರ ಹೊಗೆ ಮರಿಗೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಮೈಶಾಖ ನೋಡಿ, 99 ದಾಟಿದ ಕೂಡಲೇ ಹಾಲಿನ ಸಿದ್ಧತೆ ಮಾಡಿಕೊಳ್ಳುತ್ತೇನೆ.

ಗಿಣ್ಣು ಹಾಲಿನ ಬಗ್ಗೆ ನಮ್ಮಲ್ಲಿ ಇದ್ದ ತಿಳಿವಳಿಕೆಯನ್ನು ನಾನು ಪೂರ್ತಿ ಬದಲಿಸಿಕೊಳ್ಳಬೇಕಾಯಿತು. ಮೊದಲ ಹಾಲು ಮಂದ, ಮರಿಗೆ ಜೀರ್ಣವಾಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಅದನ್ನು ನೆಲಕ್ಕೆ ಕರೆದುಬಿಡುತ್ತಿದ್ದರು. ನಿಜವಾಗಿ ನೆಲಕ್ಕೆ ಹೋಗಬೇಕಾದದ್ದು ಮೊಲೆಯ ತುದಿಗೆ ಅಂಟಿಕೊಂಡ ಮೇಣದಂಥ ಬಿರಡೆಯನ್ನು ತೆಗೆಯುವ ಎರಡು ಸೆಳೆ ಮಾತ್ರ. ಕುರಿಯಲ್ಲಿ ರೋಗ ತಡೆಯುವ ಶಕ್ತಿ ಗಬ್ಬದಲ್ಲಿರುವಾಗ ತಾಯಿಯಿಂದ ಮರಿಗೆ ದಾಟುವುದಿಲ್ಲ, ಎಲ್ಲವೂ ಈ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಬಾಗಿಲು ಮರಿಯ ಕರುಳಿನಲ್ಲಿ ಹುಟ್ಟಿದ ಮೊದಲ ಗಂಟೆಗಳಲ್ಲಿ ಅಗಲವಾಗಿ ತೆರೆದಿದ್ದು, ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಎರಡು ಗಂಟೆಯೊಳಗೆ ಮೊದಲ ಗುಟುಕು, ಒಂದು ಸಲಕ್ಕೆ ಕೆ.ಜಿ. ತೂಕಕ್ಕೆ 50 ಮಿಲಿ, ಮೊದಲ ದಿನ ಒಟ್ಟು ಕೆ.ಜಿ.ಗೆ 200 ಮಿಲಿ ಎಂಬ ಲೆಕ್ಕವನ್ನು ಕೊಟ್ಟಿಗೆಯ ಕಂಬದ ಮೇಲೆಯೇ ಬರೆದಿಟ್ಟಿದ್ದೇನೆ. 1.4 ಕೆ.ಜಿ. ಮರಿಗೆ ಸಲಕ್ಕೆ 70 ಮಿಲಿ, ದಿನಕ್ಕೆ ನಾಲ್ಕು ಸಲ.

ಒಂದೇ ಮರಿ ಹಾಕಿದ, ಕೆಚ್ಚಲು ತುಂಬಿದ ಕುರಿಯಿಂದ ಅದರ ಮರಿ ಕುಡಿದು ಉಳಿದ ಗಿಣ್ಣು ಹಾಲನ್ನು ಕರೆದು, 50 ಮಿಲಿಯ ಪೊಟ್ಟಣಗಳಾಗಿ ಮಾಡಿ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಗಟ್ಟಿಯಾಗಿಸಿ ಇಡುತ್ತೇವೆ. ತಾಯಿ ಸತ್ತಾಗ, ಕೆಚ್ಚಲು ಬಾವು ಬಂದಾಗ ಅದೇ ಆಧಾರ. ಕರಗಿಸುವಾಗ ಮಾತ್ರ ಒಲೆಯ ಮೇಲೆ ಇಡಬಾರದು. ಒಮ್ಮೆ ಮನೆಯಲ್ಲಿ ಅವಸರಕ್ಕೆ ಪಾತ್ರೆಗೆ ಹಾಕಿ ಕಾಯಿಸಿದಾಗ ಅದು ನಾವು ಬೆಲ್ಲ, ಏಲಕ್ಕಿ ಹಾಕಿ ತಿನ್ನುವ ಗಿಣ್ಣಿನಂತೆಯೇ ಹೆಪ್ಪುಗಟ್ಟಿ ಕುಳಿತಿತು. ರೋಗ ತಡೆಯುವ ಅಂಶವೂ ಆ ಬಿಸಿಗೆ ನಾಶವಾಗುತ್ತದೆ. ಕೈ ಇಳಿಬಿಡಬಹುದಾದಷ್ಟು ಬಿಸಿಯ ನೀರಿನಲ್ಲಿ ಪೊಟ್ಟಣವನ್ನು ಮುಳುಗಿಸಿಟ್ಟರೆ ನಿಧಾನವಾಗಿ ಕರಗುತ್ತದೆ.

ಚೀಪಲಾರದ ಆದರೆ ಕತ್ತು ಎತ್ತಿ ನುಂಗಬಲ್ಲ ಮರಿಗೆ ನಾನು ನಳಿಕೆಯಿಂದ ಕುಡಿಸುತ್ತೇನೆ. ಹಸುಗೂಸುಗಳಿಗೆ ಬಳಸುವ ಮೆದುವಾದ ಫೀಡಿಂಗ್ ಟ್ಯೂಬ್ ಮತ್ತು 50 ಮಿಲಿಯ ಸಿರಿಂಜು ಔಷಧಿ ಅಂಗಡಿಯಲ್ಲೇ ಸಿಗುತ್ತವೆ. ಮೂಗಿನ ತುದಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಅಳೆದು ಟ್ಯೂಬಿನ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಳ್ಳುತ್ತೇನೆ. ಮರಿಯನ್ನು ತೊಡೆಯ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಿಕೊಂಡು, ಬಾಯಿಯ ಮಗ್ಗುಲಿನಿಂದ ನಾಲಿಗೆಯ ಮೇಲೆ ನಿಧಾನವಾಗಿ ತಳ್ಳುತ್ತಾ ಹೋದರೆ ಅದು ನುಂಗಿಕೊಳ್ಳುತ್ತದೆ. ಕೆಮ್ಮಿದರೆ, ಒದ್ದಾಡಿದರೆ, ಗುರುತಿನವರೆಗೆ ಇಳಿಯದಿದ್ದರೆ ತಕ್ಷಣ ಹೊರಗೆಳೆದು ಮತ್ತೆ ಮೊದಲಿನಿಂದ ಪ್ರಾರಂಭಿಸುತ್ತೇನೆ. ಸರಿಯಾಗಿ ಇಳಿದಾಗ ಕತ್ತಿನ ಎಡಭಾಗದಲ್ಲಿ, ಗಟ್ಟಿ ಉಸಿರುನಾಳದ ಪಕ್ಕದಲ್ಲಿ, ಟ್ಯೂಬು ಬೆರಳಿಗೆ ಬೇರೆಯಾಗಿಯೇ ಸಿಗುತ್ತದೆ. ಅದನ್ನು ಮುಟ್ಟಿ ನೋಡಿಕೊಳ್ಳದೆ ನಾನು ಒಂದು ಹನಿಯನ್ನೂ ಬಿಡುವುದಿಲ್ಲ. ಸಿರಿಂಜಿನ ಒತ್ತುಕಡ್ಡಿಯನ್ನು ತೆಗೆದಿಟ್ಟು ಹಾಲು ತನ್ನ ಭಾರಕ್ಕೆ ತಾನೇ ಇಳಿಯುವಂತೆ ಬಿಡಬೇಕು, ಒತ್ತಬಾರದು. 70 ಮಿಲಿ ಇಳಿಯಲು ಮೂರು ನಾಲ್ಕು ನಿಮಿಷ ಬೇಕಾಗುತ್ತದೆ, ಕೊನೆಯ ಹೊತ್ತಿಗೆ ಮರಿಯ ಹೊಟ್ಟೆ ಅಂಗೈಗೆ ದುಂಡಗೆ ತಾಗುವುದನ್ನು ನೋಡುವುದು ನನಗೆ ಇಂದಿಗೂ ಬಹಳ ಸಂತೋಷದ ಕ್ಷಣ.

ಹೊಕ್ಕುಳ ಬಳ್ಳಿಯನ್ನು ಹುಟ್ಟಿದ ಕೂಡಲೇ ಟಿಂಚರ್ ಅಯೋಡಿನ್‌ನಲ್ಲಿ ಅದ್ದುವುದನ್ನು ಮರೆಯಬಾರದು. ಅದನ್ನು ಬಿಟ್ಟ ಒಂದು ವರ್ಷ ಎರಡು ಮರಿಗಳಿಗೆ ಕೀಲು ಬಾತು ಕುಂಟುತ್ತಲೇ ಬೆಳೆದವು.

ಮರಿ ತನ್ನ ಕಾಲ ಮೇಲೆ ನಿಂತ ಮೇಲೆ ಆದಷ್ಟು ಬೇಗ ತಾಯಿಗೆ ಸೇರಿಸುತ್ತೇನೆ. ಒಳಗೆ ಹೆಚ್ಚು ಹೊತ್ತು ಇಟ್ಟುಕೊಂಡರೆ ತಾಯಿ ವಾಸನೆ ಮರೆತು ಗುದ್ದುತ್ತದೆ. ತಾಯಿ ಮತ್ತು ಎರಡೂ ಮರಿಗಳನ್ನು ನಾಲ್ಕಡಿ ಉದ್ದಗಲದ ಕಟಕಟೆಯಲ್ಲಿ ಎರಡು ಮೂರು ದಿನ ಕೂಡಿಹಾಕಿ, ಈದಾಗ ಬೀಳುವ ಕಸದ (ಮಾಸಿನ) ನೀರನ್ನು ಚಿಕ್ಕ ಮರಿಯ ಬೆನ್ನಿಗೂ ಬಾಲದ ಬುಡಕ್ಕೂ ಸವರುತ್ತೇನೆ. ಒಪ್ಪದ ಕುರಿಯನ್ನು ಕತ್ತಿಗೆ ಕಟ್ಟಿ ನಿಲ್ಲಿಸಿ ದಿನಕ್ಕೆ ಐದಾರು ಸಲ ಮರಿಗೆ ಮೊಲೆ ಹಿಡಿಸಬೇಕಾಗುತ್ತದೆ. ಬಹುಪಾಲು ಕುರಿಗಳು ಮೂರನೆಯ ದಿನಕ್ಕೆ ಒಪ್ಪುತ್ತವೆ. ಒಪ್ಪದಿದ್ದರೆ ಮೇಕೆ ಹಾಲಿನ ಬಾಟಲಿಯೇ ಗತಿ. ಬಾಟಲಿಯಲ್ಲಿ ಕುಡಿಸುವಾಗಲೂ ಮರಿಯನ್ನು ನಿಲ್ಲಿಸಿ ಕತ್ತು ಮೇಲೆತ್ತಿ, ತಾಯಿಯ ಕೆಚ್ಚಲಿಗೆ ಬಾಯಿಡುವ ಭಂಗಿಯಲ್ಲೇ ಕುಡಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೆ ನನಗೆ ಮನವರಿಕೆಯಾದದ್ದು, ಮರಿಯ ನಿತ್ರಾಣ ಈಯುವ ರಾತ್ರಿ ಪ್ರಾರಂಭವಾಗುವುದಿಲ್ಲ ಎಂಬುದು. ಕುರಿಯ ಗಬ್ಬ ಸುಮಾರು 150 ದಿನ, ಮರಿಯ ತೂಕದ ಬಹುಭಾಗ ಕೂಡುವುದು ಕೊನೆಯ ಆರು ವಾರಗಳಲ್ಲಿ. ನಮ್ಮಲ್ಲಿ ಆ ವಾರಗಳು ಎಷ್ಟೋ ಸಲ ಬಯಲಿನಲ್ಲಿ ಮೇವೇ ಇಲ್ಲದ ದಿನಗಳಾಗಿರುತ್ತವೆ. ಈಗ ಟಗರು ಬಿಟ್ಟ ದಿನವನ್ನು ಬರೆದಿಟ್ಟುಕೊಂಡು, ನೂರನೆಯ ದಿನದಿಂದ ಪ್ರತಿ ಕುರಿಗೂ ಬೇಯಿಸಿದ ಹುರುಳಿ, ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ ಸೇರಿಸಿ ಕಾಲು ಕೆ.ಜಿ.ಯಷ್ಟು ಕೈತಿಂಡಿಯನ್ನು, ಒಣ ಕಡಲೆಕಾಯಿ ಬಳ್ಳಿಯ ಜೊತೆಗೆ ಕೊಡುತ್ತೇನೆ. ಈಯುವುದಕ್ಕೆ ಮೂರು ನಾಲ್ಕು ವಾರ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸುತ್ತೇನೆ, ಅದರ ರಕ್ಷಣೆ ಗಿಣ್ಣು ಹಾಲಿನ ಮೂಲಕ ಮರಿಗೂ ಸೇರುತ್ತದೆ. ಹೀಗೆ ಮಾಡತೊಡಗಿದ ಮೇಲೆ ಅವಳಿಯ ಚಿಕ್ಕ ಮರಿಗಳೂ ಎರಡು ಕೆ.ಜಿ. ಹತ್ತಿರ ಹುಟ್ಟುತ್ತಿವೆ, ರಟ್ಟಿನ ಪೆಟ್ಟಿಗೆ ಇಳಿಸಬೇಕಾದ ರಾತ್ರಿಗಳು ಕಡಿಮೆಯಾಗಿವೆ. ಆದರೂ ಅದನ್ನು ಅಟ್ಟದ ಮೇಲೆ, ಕೈಗೆ ಎಟುಕುವಲ್ಲಿಯೇ ಇಟ್ಟಿದ್ದೇನೆ. ಈ ತಿಂಗಳ ಕೊನೆಗೆ ಮೂರು ಕುರಿಗಳು ಈಯುವುದಿದೆ.