ಸಂಡಿಗೆ, ಪಾನಕ ಮತ್ತು ಎರಡು ದಿನದ ಬಿಸಿಲು

2025ರಲ್ಲಿ ರಾಮನವಮಿ ಏಪ್ರಿಲ್ 6ರಂದು, ಭಾನುವಾರವೇ ಬಂದಿತ್ತು. ಹಬ್ಬಕ್ಕೆ ರಜೆ ಹಾಕುವ ಪ್ರಮೇಯವಿಲ್ಲವೆಂದು ಮೊದಲು ಸಂತೋಷವಾಯಿತು. ಆಮೇಲೆ ಎಣಿಸಿ ನೋಡಿದರೆ ಆ ಒಂದು ಶನಿವಾರ-ಭಾನುವಾರದ ತಲೆಯ ಮೇಲೆ ನಾಲ್ಕು ಕೆಲಸಗಳು ಕುಳಿತಿದ್ದವು. ವರ್ಷಕ್ಕಾಗುವಷ್ಟು ಸಂಡಿಗೆ ಹಾಕಬೇಕಿತ್ತು, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದ ರಾಮನವಮಿಗೆ ಪಾನಕ-ಕೋಸಂಬರಿಯ ಹೊಣೆ ನನ್ನ ಪಾಲಿಗೆ ಬಂದಿತ್ತು, ಪುಣೆಯಿಂದ ನಾದಿನಿಯ ಸಂಸಾರ ಬರುವುದಿತ್ತು, ಭಾನುವಾರ ಸಂಜೆ ವಾಶಿಯಲ್ಲಿ ಸಹೋದ್ಯೋಗಿಯ ಮಗಳ ಆರತಕ್ಷತೆಯೂ ಇತ್ತು.

ಹಿಂದಿನ ವರ್ಷ ಇಂಥದೇ ಸಂದರ್ಭದಲ್ಲಿ ಎಲ್ಲದಕ್ಕೂ ಹೂಂ ಎಂದು, ಎಲ್ಲಿಗೂ ಸರಿಯಾದ ಹೊತ್ತಿಗೆ ತಲುಪದೆ, ಒಣಗದ ಹಪ್ಪಳಕ್ಕೆ ಬೂಸರು ಹಿಡಿಸಿಕೊಂಡಿದ್ದೆ. ಆದ್ದರಿಂದ ಈ ಸಲ ವಾಶಿಯವರಿಗೆ ಬುಧವಾರವೇ ಫೋನು ಮಾಡಿ, ಬರಲಾಗುವುದಿಲ್ಲವೆಂದು ನೇರವಾಗಿ ಹೇಳಿ, ಶುಕ್ರವಾರ ಕಚೇರಿಯಲ್ಲಿಯೇ ಉಡುಗೊರೆ ಕೊಟ್ಟುಬಿಟ್ಟೆ. ಉಳಿದ ಮೂರು ಕೆಲಸಗಳನ್ನು ಗಡಿಯಾರಕ್ಕೆ ಹೊಂದಿಸುವ ಬದಲು ಬಿಸಿಲಿಗೆ ಹೊಂದಿಸಿದೆ. ಸಂಡಿಗೆಗೆ ಬೆಳಗಿನ ಎಂಟರಿಂದ ಬಿಸಿಲು ಬೇಕು. ರಾಮನ ಪೂಜೆ ನಡುಮಧ್ಯಾಹ್ನಕ್ಕೇ ಆಗಬೇಕು. ಇವೆರಡು ಅಲುಗಾಡದ ಗೂಟಗಳು, ಮಿಕ್ಕದ್ದೆಲ್ಲ ಇವುಗಳ ನಡುವೆ ಎಲ್ಲಾದರೂ ಹಿಡಿಸುತ್ತದೆ.

ಮುಂಬಯಿಯ ಕಡೆ ಸಂಡಿಗೆ ಹಾಕುವುದು ಧಾರವಾಡದಲ್ಲಿ ಹಾಕಿದಂತಲ್ಲ. ಅಲ್ಲಿ ಒಂದೇ ದಿನದಲ್ಲಿ ಗರಿಗರಿಯಾಗುವುದು ಇಲ್ಲಿ ಕಡಲ ಕಡೆಯ ತೇವಗಾಳಿಯಿಂದಾಗಿ ಎರಡು ದಿನವಾದರೂ ಒಳಗೆ ಮೆತ್ತಗೆ ಉಳಿಯುತ್ತದೆ. ಮೇ ತಿಂಗಳಲ್ಲಿ ಸೆಕೆ ಇನ್ನೂ ಹೆಚ್ಚುತ್ತದೆ, ಜೂನ್ 11ರ ಆಸುಪಾಸಿನಲ್ಲಿ ಮಳೆ ಹಿಡಿದರೆ ಮುಗಿದೇ ಹೋಯಿತು. ಹೀಗಾಗಿ ಏಪ್ರಿಲ್ ಮೊದಲ ವಾರವೇ ನಮಗೆ ಅನುಕೂಲ. ಶುಕ್ರವಾರ ರಾತ್ರಿ ಎರಡು ಕಿಲೋ ಸಾಬೂದಾನಿ ನೆನೆಹಾಕಿ, ಶನಿವಾರ ಬೆಳಿಗ್ಗೆ ಐದೂವರೆಗೆ ಎದ್ದು, ಎರಡು ಪಾತ್ರೆಗಳಲ್ಲಿ ಹಂಚಿ ಕುದಿಸಿದೆವು. ಒಂದು ಅಳತೆ ಸಾಬೂದಾನಿಗೆ ಸುಮಾರು ಆರು ಅಳತೆ ನೀರು. ಕಾಳು ಕನ್ನಡಿಯಂತೆ ಪಾರದರ್ಶಕವಾಗಿ, ನಡುವಿನ ಬಿಳಿಯ ಚುಕ್ಕೆ ಮಾಯವಾಗುವವರೆಗೆ ಕೈಬಿಡದೆ ತಿರುವಬೇಕು, ಇಲ್ಲವಾದರೆ ತಳ ಹಿಡಿಯುತ್ತದೆ. ಹಸಿಮೆಣಸಿನಕಾಯಿ ಮತ್ತು ಜೀರಿಗೆಯನ್ನು ಒಟ್ಟಿಗೆ ರುಬ್ಬಿ ಹಾಕಿ, ಕಡೆಯಲ್ಲಿ ನಿಂಬೆರಸ ಹಿಂಡಿದೆವು. ನಾನು ರುಚಿ ನೋಡಿ, ಉಪ್ಪು ಇನ್ನೊಂದು ಚಮಚ ಬೇಕೆಂದು ಡಬ್ಬಿಗೆ ಕೈಹಾಕಿದಾಗ ಅತ್ತೆಯವರು ತಡೆದರು. "ಈಗ ನಾಲಿಗಿಗೆ ಸರಿ ಅನಿಸಿದ್ರ, ಒಣಗಿದ ಮ್ಯಾಲೆ ಬಾಯಾಗ ಇಡ್ಲಿಕ್ಕಾಗೂದಿಲ್ಲ ನೋಡವಾ" ಎಂದರು. ನೀರು ಆರಿಹೋದ ಮೇಲೆ ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆಂಬ ಇಷ್ಟು ಸರಳ ಲೆಕ್ಕ ಹದಿನೆಂಟು ವರ್ಷಗಳಿಂದ ಅಡುಗೆ ಮಾಡುತ್ತಿರುವ ನನಗೆ ಆ ಗಳಿಗೆಯಲ್ಲಿ ಹೊಳೆದಿರಲಿಲ್ಲ.

ಎಂಟಕ್ಕೆ ಟೆರೇಸಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೂ ಇಟ್ಟಿಗೆಯಿಟ್ಟು, ಹಿಟ್ಟು ಬಿಸಿಯಿರುವಾಗಲೇ ಸೌಟಿನಿಂದ ಬಿಡತೊಡಗಿದೆವು. ಆರಿದರೆ ಅದು ಮುದ್ದೆಯಾಗಿ ಸೌಟಿಗೇ ಅಂಟಿಕೊಳ್ಳುತ್ತದೆ. ಅದೇ ಹೊತ್ತಿಗೆ ಎರಡನೆಯ ಮಹಡಿಯ ಮರಾಠಿ ಕಾಕೂ ತಮ್ಮ ಕುರಡಯಿಯ ಪಾತ್ರೆಯನ್ನು ಹೊತ್ತು ಮೇಲೆ ಬಂದರು. ಗೋಧಿಯನ್ನು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ರುಬ್ಬಿ, ಸೋಸಿ ತೆಗೆದ ಹಾಲಿಗೆ ಅವರು ಚೀಕ ಎನ್ನುತ್ತಾರೆ. ಅದನ್ನು ಬೇಯಿಸಿ ಸೋರ್ಯಾದಲ್ಲಿ ತುಂಬಿ ಒತ್ತಿದರೆ ಬಿಳಿಯ ಎಳೆಗಳು ಗೂಡಿನಂತೆ ಸುತ್ತಿಕೊಳ್ಳುತ್ತವೆ. ಸೋರ್ಯಾವೆಂದರೆ ನಮ್ಮ ಚಕ್ಕುಲಿ ಒತ್ತುವ ಒರಳೇ ಎಂದು ಅತ್ತೆಯವರು ಗುರುತಿಸಿದ ಮೇಲೆ ಇಬ್ಬರ ನಡುವೆ ಭಾಷೆಯ ತೊಡಕು ಉಳಿಯಲಿಲ್ಲ. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಮರಾಠಿಯಲ್ಲಿ ಒಂದು ಗಂಟೆ ಮಾತಾಡಿದರು. ಏನು ಅರ್ಥವಾಯಿತೆಂದು ನಾನು ಕೇಳಲು ಹೋಗಲಿಲ್ಲ.

ಪಾರಿವಾಳಗಳ ಕಾಟವೇ ದೊಡ್ಡದು. ಸಿಂಹಗಡ ಎಕ್ಸ್‌ಪ್ರೆಸ್‌ನಲ್ಲಿ ಹೊರಟು, ಕಲ್ಯಾಣದಲ್ಲಿಳಿದು ಮನೆಗೆ ಬಂದ ನಾದಿನಿಯ ಇಬ್ಬರು ಮಕ್ಕಳಿಗೂ ನನ್ನ ಮಗನಿಗೂ ಆ ಕಾವಲಿನ ಕೆಲಸ ವಹಿಸಿದೆ. ಒಂದು ಬಿಚ್ಚಿದ ಕರಿಯ ಕೊಡೆ, ಒಂದು ಕೋಲು, ಗಂಟೆಗೊಂದು ಲೋಟ ಮಜ್ಜಿಗೆ ಸಂಬಳ. "ವೈನೀ, ಇಲ್ಲಿಗೆ ಬಂದ್ರ ನೀ ನನ್ನ ಮಕ್ಕಳನ್ನೂ ಬಿಡೂದಿಲ್ಲ" ಎಂದು ನಾದಿನಿ ನಕ್ಕಳು. ಆದರೆ ಮಕ್ಕಳು ಮೊಬೈಲು ಮರೆತು ಮಧ್ಯಾಹ್ನದವರೆಗೆ ಮೇಲೆಯೇ ಇದ್ದರು. ಮೂವರೂ ಬಳಗದ ಕಾರ್ಯಕ್ರಮದಲ್ಲಿ ಒಂದು ದೇವರನಾಮ ಹೇಳುವವರಿದ್ದರು. ಅದರ ಅಭ್ಯಾಸವೂ ಅಲ್ಲೇ, ನೀರಿನ ಟಾಕಿಯ ನೆರಳಿನಲ್ಲಿ ಆಯಿತು.

ಸಂಜೆ ಪಾನಕದ ಪೂರ್ವಸಿದ್ಧತೆ. ಇನ್ನೂರು ಜನ, ಒಬ್ಬರಿಗೆ 150 ಮಿಲಿ ಲೀಟರಿನ ಲೋಟ ಎಂದರೆ 30 ಲೀಟರ್. ಬಿಸಿಲಿನಲ್ಲಿ ಬಂದವರು ಎರಡನೆಯ ಲೋಟ ಕೇಳಿಯೇ ಕೇಳುತ್ತಾರೆ, ಆದ್ದರಿಂದ 50 ಲೀಟರ್ ಎಂದು ಹಿಡಿದೆ. ಇಷ್ಟನ್ನು ಮನೆಯಿಂದ ಹೊತ್ತೊಯ್ಯುವುದು ಹುಚ್ಚುತನ. ಎಂಟು ಕಿಲೋ ಕೊಲ್ಹಾಪುರದ ಬೆಲ್ಲವನ್ನು ಅಷ್ಟೇ ಲೀಟರ್ ಬಿಸಿನೀರಿನಲ್ಲಿ ಕರಗಿಸಿ, ಪಂಚೆಯ ಬಟ್ಟೆಯಲ್ಲಿ ಮೂರು ಸಲ ಸೋಸಿ, ಆರಿಸಿ ಎರಡು ಡಬ್ಬಿಗಳಲ್ಲಿ ತುಂಬಿದೆ. ಎಷ್ಟೇ ಒಳ್ಳೆಯ ಬೆಲ್ಲವಾದರೂ ಬಟ್ಟೆಯ ಮೇಲೆ ಕಬ್ಬಿನ ಸಿಬಿರು ಮತ್ತು ಒಂದಿಷ್ಟು ಮರಳು ಉಳಿದೇ ಉಳಿಯುತ್ತದೆ. ಏಲಕ್ಕಿ, ಒಣಶುಂಠಿ, ಮೆಣಸನ್ನು ಪುಡಿಮಾಡಿ ಬೇರೆ ಕಟ್ಟಿಟ್ಟೆ. ನಿಂಬೆಹಣ್ಣನ್ನು ಮಾತ್ರ ಹಂಚುವ ಮುಂಚೆಯೇ ಹಿಂಡಬೇಕು. ಮೊದಲೇ ಹಿಂಡಿಟ್ಟರೆ ಕಹಿಯಾಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದವಳು ಕೋಸಂಬರಿಯಲ್ಲಿ ಎಡವಿದೆ. ಬೆಳಿಗ್ಗೆ ಹಗುರವಾಗಲೆಂದು ನಾಲ್ಕು ಕಿಲೋ ಹೆಸರುಬೇಳೆಯನ್ನು ರಾತ್ರಿ ಹತ್ತಕ್ಕೇ ನೆನೆಹಾಕಿ ಮಲಗಿದೆ. ಆರಕ್ಕೆ ಎದ್ದು ಮುಚ್ಚಳ ತೆಗೆದರೆ ಮೇಲೆ ನೊರೆ, ಹುಳಿ ವಾಸನೆ, ಮುಟ್ಟಿದರೆ ಲೋಳೆ. ಸೆಕೆಯ ರಾತ್ರಿಯಲ್ಲಿ ಎಂಟು ಗಂಟೆ ನೆನೆದ ಬೇಳೆ ಇನ್ನೇನಾಗಬೇಕು? ತೊಳೆದು ಬಳಸಬಹುದೆಂದು ಯಾರೋ ಹೇಳಿದರು, ನನಗೆ ಧೈರ್ಯ ಬರಲಿಲ್ಲ. ಇನ್ನೂರು ಜನರ ಹೊಟ್ಟೆಯ ಪ್ರಶ್ನೆ. ಅಷ್ಟನ್ನೂ ಚೆಲ್ಲಿ, ಏಳಕ್ಕೆ ಬಾಗಿಲು ತೆಗೆಯುವ ಕಿರಾಣಿ ಅಂಗಡಿಗೆ ನಮ್ಮವರನ್ನು ಓಡಿಸಿ, ಹೊಸ ಬೇಳೆಯನ್ನು ಒಂದೂವರೆ ಗಂಟೆ ನೆನೆಸಿದೆ. ಹೆಸರುಬೇಳೆಗೆ ಅಷ್ಟು ಧಾರಾಳ ಸಾಕು. ಸೌತೆಕಾಯಿಯನ್ನು ಹೆಚ್ಚಿ ಬೇರೆ ಒಯ್ದು, ಉಪ್ಪು ಮತ್ತು ಒಗ್ಗರಣೆಯನ್ನು ಬಡಿಸುವ ಹತ್ತು ನಿಮಿಷ ಮೊದಲಷ್ಟೇ ಸೇರಿಸಿದ್ದರಿಂದ ಅದು ನೀರು ಬಿಡಲಿಲ್ಲ.

ಭಾನುವಾರ ಲೋಕಲ್ ರೈಲು ಹಿಡಿಯುವವರು ಮೆಗಾ ಬ್ಲಾಕನ್ನು, ಎಂದರೆ ಹಳಿ ದುರಸ್ತಿಗೆಂದು ಕೆಲವು ಗಂಟೆ ರೈಲುಗಳ ಓಡಾಟ ಕಡಿತಗೊಳಿಸುವುದನ್ನು, ಮರೆಯುವಂತಿಲ್ಲ. ಅದು ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ ಶುರುವಾಗುವುದರಿಂದ ಠಾಣೆ, ಮುಲುಂಡ್ ಕಡೆಯಿಂದ ಬರುವವರಿಗೆಲ್ಲ ಹತ್ತಕ್ಕೇ ತಿಂಡಿಯಿದೆ ಎಂದು ತಿಳಿಸಿದ್ದೆವು. ಅವಲಕ್ಕಿಯ ಆಸೆಗೆ ಎಲ್ಲರೂ ಹತ್ತೂಕಾಲಿಗೆ ಹಾಜರಿದ್ದರು. ಸಭಾಗೃಹದಲ್ಲಿ ಹಿಂದಿನ ರಾತ್ರಿಯೇ ನೀರು ತುಂಬಿಸಿಟ್ಟ ಮಣ್ಣಿನ ಮಡಕೆಗಳು ಊರಿನಲ್ಲಿ ತಣ್ಣಗಾಗುವಷ್ಟು ಆಗಿರಲಿಲ್ಲ, ತೇವದ ಗಾಳಿಯಲ್ಲಿ ಮಡಕೆಯ ಹೊರಮೈ ನೀರು ಆರುವುದೇ ನಿಧಾನ. ಆದರೂ ಕಿಟಕಿಯ ಬಳಿಯಿಟ್ಟವು ಪರವಾಗಿರಲಿಲ್ಲ. ಮಂಜುಗಡ್ಡೆ ತರಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ, ಅದು ಯಾವ ನೀರಿನದೆಂದು ಯಾರು ಬಲ್ಲರು?

ಪೂಜೆ, ಭಜನೆ, ಮಕ್ಕಳ ಹಾಡು ಎಲ್ಲವೂ ಆದವು. ನನ್ನ ಮಗ ಎರಡನೆಯ ಚರಣ ನುಂಗಿ ಮೂರನೆಯದಕ್ಕೆ ಹಾರಿದ. ಎರಡು ಗಂಟೆಯ ಹೊತ್ತಿಗೆ ಉಳಿದ ಐದಾರು ಲೀಟರ್ ಪಾನಕವನ್ನು ಗೇಟಿನ ಹೊರಗಿನ ರಿಕ್ಷಾ ಸ್ಟ್ಯಾಂಡಿನವರಿಗೆ ಕೊಟ್ಟೆವು. ಒಬ್ಬರು ಬಾಟಲಿಯಲ್ಲೂ ತುಂಬಿಸಿಕೊಂಡರು.

ಮನೆಗೆ ಮರಳಿದಾಗ ನಾಲ್ಕು ಗಂಟೆ. ಬೆಳಿಗ್ಗೆ ಅತ್ತೆಯವರು ಒಬ್ಬರೇ ಕುಳಿತು ಹಾಳೆಯಿಂದ ಬಿಡಿಸಿ ಮಗುಚಿಟ್ಟಿದ್ದ ಸಂಡಿಗೆಗಳಲ್ಲಿ ನಾಲ್ಕನ್ನು ತಂದು ಕಾದ ಎಣ್ಣೆಗೆ ಬಿಟ್ಟೆ. ಮೂರು ಮಲ್ಲಿಗೆಯಂತೆ ಅರಳಿದವು. ಟಾಕಿಯ ನೆರಳು ಬೀಳುವ ಕಡೆಯಿಂದ ತಂದ ನಾಲ್ಕನೆಯದು ನಡುವೆ ಗಟ್ಟಿಯಾಗಿಯೇ ಉಳಿಯಿತು. ಆ ಒಂದು ಸಾಲನ್ನಷ್ಟೇ ಬೇರೆ ಮೊರಕ್ಕೆ ತೆಗೆದು, ಸೋಮವಾರದ ಬಿಸಿಲಿಗೆಂದು ಇಟ್ಟೆವು.