ಸೇನೆಯಿಂದ ಸನ್ನದಿಗೆ: ಕಾನೂನು ಪದವಿ ಪಡೆದ ಮಾಜಿ ಸೈನಿಕರ ಮುಂದಿನ ದಾರಿ

ಹದಿನೇಳು ವರ್ಷ ಸೇವೆ ಮುಗಿಸಿ ನಲವತ್ತು ತುಂಬುವ ಮೊದಲೇ ಊರಿಗೆ ಬರುವ ಜವಾನರಿಗೆ ಬ್ಯಾಂಕಿನ ಗಾರ್ಡ್ ಕೆಲಸ ಬಿಟ್ಟರೆ ಬೇರೆ ದಾರಿಯೇ ಇಲ್ಲ ಎಂಬ ಕಾಲ ಹೋಯಿತು. ಕಾರ್ಗಿಲ್ ಕಂಡವರು, ಸಿಯಾಚಿನ್‌ನಲ್ಲಿ ಬೆರಳು ಕಳೆದುಕೊಂಡವರು, ಕಾಶ್ಮೀರದಲ್ಲಿ ಗುಂಡೇಟು ತಿಂದವರು ಮೂರು ವರ್ಷ ಕಾಲೇಜಿನ ಬೆಂಚಿನ ಮೇಲೆ ಕೂತು ಎಲ್‌ಎಲ್‌ಬಿ ಮುಗಿಸುತ್ತಿದ್ದಾರೆ. ಹೆಚ್ಚಿನವರ ಗುರಿ ಒಂದೇ: ಜೊತೆಗಾರರ ಪಿಂಚಣಿ ಪ್ರಕರಣ ನಡೆಸುವುದು. ಅವರ ಓದು ಗಟ್ಟಿಯಾಗಿಯೇ ಇರುತ್ತದೆ. ಮುಗ್ಗರಿಸುವುದು ಪದವಿಯ ನಂತರದ ಕಾಗದಪತ್ರದಲ್ಲಿ, ಅದಕ್ಕಿಂತ ಹೆಚ್ಚಾಗಿ ದಿನಾಂಕದ ಲೆಕ್ಕದಲ್ಲಿ.

ಕಾಲೇಜಿಗೆ ಸೇರುವ ಮುನ್ನ

ವಯಸ್ಸಿನ ಚಿಂತೆ ಬೇಡ. 45 ದಾಟಿದವರಿಗೆ ವಕೀಲಿಕೆ ನೋಂದಣಿ ಇಲ್ಲ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ಹೊಡೆದುಹಾಕಿದೆ.

ಚಿಂತೆ ಮಾಡಬೇಕಾದದ್ದು ಪದವಿಯ ಬಗ್ಗೆ. 15 ವರ್ಷ ಸೇವೆಗೆ ಸೇನೆ ಕೊಡುವ 'ಪದವಿಗೆ ಸಮಾನ' ಪ್ರಮಾಣಪತ್ರ ಗ್ರೂಪ್ ಸಿ ನೌಕರಿಗೆ ಅರ್ಜಿ ಹಾಕಲು ಮಾತ್ರ. ಅದನ್ನು ತೋರಿಸಿ ಎಲ್‌ಎಲ್‌ಬಿ ಸೇರುವಂತಿಲ್ಲ. ವಿಶ್ವವಿದ್ಯಾಲಯದ ಪದವಿ ಬೇಕು, ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಮುಕ್ತ ವಿಶ್ವವಿದ್ಯಾಲಯದ ಪದವಿ ನಡೆಯುತ್ತದೆ, ಆದರೆ ಅದಕ್ಕೆ ಮೊದಲು ಹತ್ತನೇ ತರಗತಿ ಮತ್ತು ಪಿಯುಸಿ ಕ್ರಮವಾಗಿ ಮುಗಿದಿರಬೇಕು. ಪಿಯುಸಿ ಇಲ್ಲದೆ ನೇರವಾಗಿ ಪಡೆದ ಪದವಿ ಸನ್ನದಿನ, ಅಂದರೆ ವಕೀಲಿಕೆಯ ಪರವಾನಗಿಯ, ಹೊತ್ತಿಗೆ ಕೈಕೊಡುತ್ತದೆ.

'ಮನೆಯಲ್ಲೇ ಕೂತು ಎಲ್‌ಎಲ್‌ಬಿ' ಎಂಬ ಜಾಹೀರಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರಶಿಕ್ಷಣದ ಕಾನೂನು ಪದವಿಗೆ ಸನ್ನದು ಸಿಗುವುದಿಲ್ಲ. ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಕಡ್ಡಾಯ. ಸೇವೆಯಲ್ಲಿದ್ದುಕೊಂಡೇ ಹಾಜರಾತಿ 'ಹೊಂದಿಸಿಕೊಂಡ' ಪದವಿ ನಂತರ ವಿಚಾರಣೆಗೆ ಸಿಕ್ಕಿಬಿದ್ದರೆ ಪದವಿಯೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಸನ್ನದು

ಅರ್ಜಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಎಸ್ಸೆಸ್ಸೆಲ್ಸಿಯಿಂದ ಎಲ್‌ಎಲ್‌ಬಿಯ ಕೊನೆಯ ಸೆಮಿಸ್ಟರ್‌ವರೆಗಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳ ಜೊತೆ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿಯನ್ನೂ ಇಟ್ಟುಕೊಳ್ಳಿ. ಸೇವೆ ಮುಗಿದಿದೆ ಎಂಬುದಕ್ಕೆ ಅವೇ ಆಧಾರ. ಶುಲ್ಕದ ವಿಷಯದಲ್ಲಿ 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟವಾಗಿದೆ: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ, ಅದರ ಮೇಲೆ ಮುದ್ರಾಂಕ ಶುಲ್ಕ. ಇಷ್ಟಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ.

ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನಿಂದ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಇರುತ್ತದೆ, ಡಿಸ್ಚಾರ್ಜ್ ಬುಕ್‌ನಲ್ಲಿ ತಂದೆಯ ಪೂರ್ತಿ ಹೆಸರು ಇರುತ್ತದೆ, ಆಧಾರ್‌ನಲ್ಲಿ ಮೂರನೆಯ ರೂಪ. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ ಮಾಡಿಸಿ. ಹುಟ್ಟಿದ ದಿನಾಂಕವೇ ಬೇರೆಯಿದ್ದರೆ ಅಫಿಡವಿಟ್ ಸಾಲದು, ಮೂಲ ದಾಖಲೆಯನ್ನೇ ಸರಿಪಡಿಸಿಕೊಳ್ಳಬೇಕು.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ಭಾರತೀಯ ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ಪೂರ್ಣಾವಧಿ ಸಂಬಳದ ನೌಕರ ವಕೀಲಿಕೆ ಮಾಡುವಂತಿಲ್ಲ. ಪಿಂಚಣಿ ಸಂಬಳವಲ್ಲ, ಅದು ಅಡ್ಡಿಯಾಗದು. ಆದರೆ ಡಿಎಸ್‌ಸಿ (ರಕ್ಷಣಾ ಭದ್ರತಾ ದಳ), ಬ್ಯಾಂಕು, ಕಾರ್ಖಾನೆಯ ಭದ್ರತಾ ವಿಭಾಗದಲ್ಲಿ ಮರುಉದ್ಯೋಗ ಪಡೆದವರು ರಾಜೀನಾಮೆ ಅಂಗೀಕಾರವಾದ ಮೇಲಷ್ಟೇ ಅರ್ಜಿ ಹಾಕಬೇಕು. 'ಉದ್ಯೋಗದಲ್ಲಿಲ್ಲ' ಎಂದು ಅಫಿಡವಿಟ್ ಕೊಟ್ಟು ತಿಂಗಳ ಸಂಬಳ ಪಡೆಯುವುದು ಸುಳ್ಳು ಪ್ರಮಾಣ. ಸನ್ನದು ರದ್ದಾಗಲು ಅದಿಷ್ಟೇ ಸಾಕು.

ಎಐಬಿಇ

ನೋಂದಣಿಯಾದ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. 100 ಬಹು ಆಯ್ಕೆಯ ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಪಾಸಾಗಲು ಶೇ 45, ಪರಿಶಿಷ್ಟರಿಗೆ ಶೇ 40. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ) ಒಳಗೆ ಒಯ್ಯಬಹುದು. ದಪ್ಪ ಗೈಡ್ ಕೊಳ್ಳಬೇಡಿ, ಅದನ್ನು ಬಾಗಿಲಲ್ಲೇ ಕಸಿಯುತ್ತಾರೆ. ಅದರಲ್ಲಿರುವುದೂ ಬಹುಪಾಲು ಹಳೆಯ ಐಪಿಸಿ, ಸಿಆರ್‌ಪಿಸಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಬೇರ್ ಆ್ಯಕ್ಟ್‌ಗಳನ್ನು ಹೊಸದಾಗಿ ಕೊಂಡು, ಯಾವ ಕಲಂ ಎಲ್ಲಿದೆ ಎಂದು ಪುಟ ತಿರುವುವ ಅಭ್ಯಾಸ ಮಾಡಿ. ಅಷ್ಟು ಸಾಕು.

ಮೊದಲ ಪಿಂಚಣಿ ಪ್ರಕರಣ: ಕಡತ ಕಟ್ಟುವುದು

ಹೊಸ ವಕೀಲರ ಬಳಿ ಮೊದಲು ಬರುವುದು ಅಂಗವೈಕಲ್ಯ ಪಿಂಚಣಿ ತಿರಸ್ಕೃತವಾದ ಜವಾನರು. ಮೊದಲ ಪ್ರಕರಣ ಕೆಡುವುದೂ ಇಲ್ಲೇ. ಆದ್ದರಿಂದ ಇದನ್ನು ನಿಧಾನವಾಗಿ ಓದಿ.

ಕಕ್ಷಿದಾರ ಹೇಳುವ ಕಥೆಯಿಂದ ಶುರು ಮಾಡಬೇಡಿ. ಅವರ ಕೈಯಲ್ಲಿರುವ ಕಾಗದದಿಂದ ಶುರು ಮಾಡಿ. ಕನಿಷ್ಠ ಬೇಕಾದವು: ಭರ್ತಿಯ ಸಮಯದ ವೈದ್ಯಕೀಯ ತಪಾಸಣೆ ಹಾಳೆ, ಬಿಡುಗಡೆಯ ವೈದ್ಯಕೀಯ ಮಂಡಳಿಯ ನಡಾವಳಿ, ಪಿಂಚಣಿ ತಿರಸ್ಕರಿಸಿದ ಪತ್ರ, ಡಿಸ್ಚಾರ್ಜ್ ಬುಕ್, ಎಲ್ಲೆಲ್ಲಿ ನಿಯೋಜನೆ ಇತ್ತು ಎಂಬ ಪಟ್ಟಿ, ಮಾಡಿದ ಮೇಲ್ಮನವಿಗಳ ಪ್ರತಿ ಮತ್ತು ಅಂಚೆ ರಸೀದಿ.

ಇವುಗಳಲ್ಲಿ ಅರ್ಧ ಕೈಯಲ್ಲಿ ಇರುವುದಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಸಂಬಂಧಿಸಿದ ರೆಕಾರ್ಡ್ಸ್ ಕಚೇರಿಗೆ ಕೇಳಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನದು ಬೆಂಗಳೂರು, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ನದು ಜಬಲ್ಪುರ, ಇಎಂಇ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದ್ದು ಸಿಕಂದರಾಬಾದ್. ಅರ್ಜಿಗೆ ಕಕ್ಷಿದಾರರೇ ಸಹಿ ಹಾಕಲಿ. ವಕೀಲರ ಹೆಸರಿನಲ್ಲಿ ಹೋದರೆ ಬೇರೆಯವರ ಖಾಸಗಿ ಮಾಹಿತಿ ಎಂದು ವಾಪಸು ಬರುತ್ತದೆ. ಸೇವಾ ಸಂಖ್ಯೆ, ದರ್ಜೆ, ಬಿಡುಗಡೆಯ ದಿನಾಂಕ ಬರೆದು ಗುರುತಿನ ದಾಖಲೆ ಲಗತ್ತಿಸಿ. 'ಎಲ್ಲ ದಾಖಲೆ ಕೊಡಿ' ಎಂದು ಬರೆಯದೆ ಬೇಕಾದ ಕಾಗದವನ್ನು ಒಂದೊಂದಾಗಿ ಹೆಸರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ದಾಖಲೆಗಳನ್ನು 25 ವರ್ಷದ ಬಳಿಕ ನಾಶ ಮಾಡುತ್ತಾರೆ. ಅಂಥವರು ಬಂದರೆ ಈ ಅರ್ಜಿ ಅಂದೇ ಹೊರಡಬೇಕು.

ಕಾಗದ ಬಂದ ಮೇಲೆ ವೈದ್ಯಕೀಯ ಮಂಡಳಿಯ ನಡಾವಳಿಯಲ್ಲಿ ಮೂರು ಕಡೆ ಕಣ್ಣಿಡಿ. ಅಂಗವೈಕಲ್ಯದ ಪ್ರಮಾಣ ಎಷ್ಟು? ಶೇ 20 ಮುಟ್ಟಿದೆಯೇ? ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆದಿದ್ದರೆ, ಅದಕ್ಕೆ ಕಾರಣ ಏನು ಕೊಟ್ಟಿದ್ದಾರೆ? 'ಶಾಂತಿ ಪ್ರದೇಶದಲ್ಲಿ ಶುರುವಾಯಿತು' ಎಂಬ ಒಂದೇ ಸಾಲು ಬಹಳ ಕಡತಗಳಲ್ಲಿ ಕಾಣುತ್ತದೆ. ಆಗ ನಿಯೋಜನೆಯ ಪಟ್ಟಿ ತೆಗೆದು, ಅದಕ್ಕೆ ಮುಂಚೆ ಎತ್ತರದ ಪ್ರದೇಶದಲ್ಲಿ, ಕಾರ್ಯಾಚರಣೆ ಪ್ರದೇಶದಲ್ಲಿ ಎಷ್ಟು ತಿಂಗಳು ಇದ್ದರು ಎಂದು ಪಕ್ಕದಲ್ಲಿಡಿ.

ಇಲ್ಲಿ ನೆರವಿಗೆ ಬರುವುದು 2013ರ ಧರಮ್‌ವೀರ್ ಸಿಂಗ್ ತೀರ್ಪು. ಭರ್ತಿಯ ಸಮಯದಲ್ಲಿ ಕಾಯಿಲೆ ದಾಖಲಾಗದಿದ್ದರೆ ಅದು ಸೇವೆಯಲ್ಲಿ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು, ವೈದ್ಯಕೀಯ ಮಂಡಳಿ ಕಾರಣ ಬರೆಯಲೇಬೇಕು ಎಂದು ಅದು ಹೇಳಿತು. ಆದರೆ ಈ ತೀರ್ಪಿನ ಪ್ಯಾರಾಗಳನ್ನು ಎಲ್ಲ ಅರ್ಜಿಗೂ ಅಂಟಿಸುವುದು ದೊಡ್ಡ ತಪ್ಪು. ಅದು ನಿಂತಿರುವುದು 1982ರ ಅರ್ಹತಾ ನಿಯಮಗಳ ಮೇಲೆ. ಬಳಿಕ 2008ರ ನಿಯಮಗಳು ಬಂದವು, 2023ರ ಸೆಪ್ಟೆಂಬರ್ 21ರಿಂದ ಮತ್ತೆ ಹೊಸ ನಿಯಮಗಳು ಬಂದಿವೆ. 2008ರ ನಿಯಮದಲ್ಲಿ, ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಹಕ್ಕು ಕೇಳಿದರೆ ಸಾಬೀತಿನ ಹೊಣೆ ಕೇಳಿದವರ ಮೇಲೆಯೇ ಬೀಳುತ್ತದೆ. ಆದ್ದರಿಂದ ಮೊದಲು ಬಿಡುಗಡೆಯ ದಿನಾಂಕ ನೋಡಿ, ಯಾವ ನಿಯಮ ಅನ್ವಯ ಎಂದು ತೀರ್ಮಾನಿಸಿ, ಆಮೇಲೆ ತೀರ್ಪು ಹುಡುಕಿ.

ಯುದ್ಧದಲ್ಲಿ, ಕಾರ್ಯಾಚರಣೆಯಲ್ಲಿ ಗಾಯಗೊಂಡವರ ಪ್ರಕರಣ ಬೇರೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರದ ಪ್ರಕಾರ ಯುದ್ಧ ಮತ್ತು ಕಾರ್ಯಾಚರಣೆಯ ಗಾಯ 'ಇ' ವರ್ಗಕ್ಕೆ ಸೇರುತ್ತದೆ, ಅದಕ್ಕೆ ಯುದ್ಧಗಾಯದ ಪಿಂಚಣಿ ಉಂಟು. ಅದರ ಮೊತ್ತ ಮಾಮೂಲಿ ಅಂಗವೈಕಲ್ಯದ ಭಾಗಕ್ಕಿಂತ ತುಂಬ ಹೆಚ್ಚು. ಇಲ್ಲಿ ಪಾರ್ಟ್ 2 ಆರ್ಡರ್ (ಸೈನಿಕನ ಸೇವಾ ಘಟನೆಗಳನ್ನು ದಾಖಲಿಸುವ ಆದೇಶ) ತರಿಸಿ ನೋಡಿ. ಅದರಲ್ಲಿ 'ಬ್ಯಾಟಲ್ ಕ್ಯಾಶುವಲ್ಟಿ' ಎಂದು ಬರೆಯುವ ಬದಲು 'ಫಿಸಿಕಲ್ ಕ್ಯಾಶುವಲ್ಟಿ' ಎಂದಿದ್ದರೆ ಪಿಂಚಣಿ ಕಚೇರಿ ಯುದ್ಧಗಾಯವನ್ನು ಒಪ್ಪುವುದಿಲ್ಲ. ಆ ನಮೂದಿನ ತಿದ್ದುಪಡಿಯನ್ನೂ ಪರಿಹಾರದ ಪಟ್ಟಿಯಲ್ಲಿ ಕೇಳಲೇಬೇಕು. ಬರೀ ಪಿಂಚಣಿ ಕೇಳಿ ನಮೂದನ್ನು ಹಾಗೇ ಬಿಟ್ಟರೆ ಗೆದ್ದರೂ ಜಾರಿ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂಗವೈಕಲ್ಯದ ಪ್ರಮಾಣದ ಏರಿಕೆಯನ್ನೂ ಮರೆಯಬೇಡಿ. 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪಿನ ನಂತರ, ಸೇವಾವಧಿ ಮುಗಿಸಿ ಬಂದವರಿಗೂ ಶೇ 50ಕ್ಕಿಂತ ಕಡಿಮೆ ಇರುವುದನ್ನು ಶೇ 50 ಎಂದು, ಶೇ 50ರಿಂದ 75ರವರೆಗಿನದನ್ನು ಶೇ 75 ಎಂದು, ಅದಕ್ಕೂ ಹೆಚ್ಚಿನದನ್ನು ಶೇ 100 ಎಂದು ಎಣಿಸಬೇಕು. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಎಂಬುದು ಲೆಕ್ಕದ ಬುಡ. ಕೊನೆಯ ವೇತನ 40,000 ಇದ್ದವರಿಗೆ ಶೇ 20ಕ್ಕೆ ತಿಂಗಳಿಗೆ 2,400 ಬಂದರೆ, ಏರಿಕೆಯ ನಂತರ 6,000. ಅರ್ಜಿಯಲ್ಲಿ ಇದನ್ನು ಬಾಯಿಬಿಟ್ಟು ಕೇಳಿ.

ದಿನಾಂಕದ ಲೆಕ್ಕ

ಈ ಪಿಂಚಣಿ ಪ್ರಕರಣ ಹೋಗುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ, 2007ರ ಕಲಂ 21 ಮತ್ತು 22 ಬಾಯಿಪಾಠ ಇರಲಿ. ಇಲಾಖೆಯೊಳಗಿನ ಪರಿಹಾರ ಮುಗಿಯದೆ ಅಲ್ಲಿಗೆ ಹೋಗುವಂತಿಲ್ಲ. ಅಂತಿಮ ಆದೇಶ ಬಂದರೆ ಅಂದಿನಿಂದ ಆರು ತಿಂಗಳು. ಮೇಲ್ಮನವಿಗೆ ಉತ್ತರವೇ ಬರದಿದ್ದರೆ ಆರು ತಿಂಗಳು ಕಾಯಬೇಕು, ಅದು ಮುಗಿದ ಮೇಲೆ ಇನ್ನಾರು ತಿಂಗಳೊಳಗೆ ಅರ್ಜಿ ಹಾಕಬೇಕು. 2024ರ ಮಾರ್ಚ್ 1ರಂದು ಮೇಲ್ಮನವಿ ಕಳಿಸಿ ಉತ್ತರ ಬಂದಿಲ್ಲ ಎಂದಿಟ್ಟುಕೊಳ್ಳಿ. ಆಗಸ್ಟ್ ಕೊನೆಗೆ ಕಾಯುವ ಅವಧಿ ಮುಗಿಯಿತು, 2025ರ ಫೆಬ್ರುವರಿ ಕೊನೆಗೆ ನಿಮ್ಮ ಅವಧಿಯೂ ಮುಗಿಯಿತು.

ಜವಾನರು ಇಲ್ಲೇ ಎಡವುತ್ತಾರೆ. ಶಿಸ್ತಿನಲ್ಲಿ ಬೆಳೆದವರು, ಉತ್ತರ ಬರುತ್ತದೆಂದು ನಂಬಿ ಜ್ಞಾಪನಾ ಪತ್ರದ ಮೇಲೆ ಪತ್ರ ಬರೆಯುತ್ತಾ ಕೂರುತ್ತಾರೆ. ಮತ್ತೆ ಮತ್ತೆ ಬರೆದ ಪತ್ರ ಕಾಲಮಿತಿಯನ್ನು ಹಿಗ್ಗಿಸುವುದಿಲ್ಲ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಮುಖ್ಯ ಅರ್ಜಿಯ ಜೊತೆಗೇ ಹಾಕಿ. 'ಕಾನೂನು ಗೊತ್ತಿರಲಿಲ್ಲ' ಎಂದು ಬರೆದು ಮುಗಿಸದೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಏನು ನಡೆಯಿತು ಎಂದು ದಾಖಲೆಸಹಿತ ವಿವರಿಸಿ. ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಹಕ್ಕು, ಹಾಗಾಗಿ ವಿಳಂಬವಾದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪು ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. ಹಿಂಬಾಕಿಯ ಬಗ್ಗೆ ತೀರ್ಪುಗಳು ಬರುತ್ತಲೇ ಇವೆ. ವಾದಕ್ಕೆ ನಿಲ್ಲುವ ವಾರ ಇತ್ತೀಚಿನದನ್ನು ಹುಡುಕಿ ಓದಿ.

ಕರ್ನಾಟಕಕ್ಕೆ ನ್ಯಾಯಮಂಡಳಿಯ ಕೊಚ್ಚಿ ಪೀಠ. ಜಬಲ್ಪುರದಲ್ಲಿ ನಿವೃತ್ತರಾದರೂ ಈಗ ಹಾಸನದಲ್ಲಿ ವಾಸವಿದ್ದರೆ ಕೊಚ್ಚಿಯಲ್ಲೇ ಅರ್ಜಿ ಹಾಕಬಹುದು. ನಿವೃತ್ತರಿಗೆ ವಾಸಸ್ಥಳದ ಪೀಠ ಎಂದು ನಿಯಮವಿದೆ. ಅರ್ಜಿಯಲ್ಲಿ ಪ್ರತಿ ದಿನಾಂಕದ ಪಕ್ಕದಲ್ಲೇ ಅದಕ್ಕೆ ಸಂಬಂಧಿಸಿದ ಲಗತ್ತಿನ ಸಂಖ್ಯೆ ಇರಲಿ. ಕನ್ನಡದ ದಾಖಲೆಗೆ ಇಂಗ್ಲಿಷ್ ಅನುವಾದ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಸಿದ್ಧ ನಮೂನೆಗಳನ್ನು ಮುಟ್ಟಬೇಡಿ. ಬೇರೆಯವರ ಕಾಯಿಲೆಯ ಹೆಸರು ನಿಮ್ಮ ಕಕ್ಷಿದಾರರ ಅರ್ಜಿಯೊಳಗೆ ಉಳಿದುಹೋಗುವುದು ಅವುಗಳಿಂದಲೇ. ನ್ಯಾಯಮಂಡಳಿಯಲ್ಲಿ ಸೋತರೂ ಹೈಕೋರ್ಟಿನ ರಿಟ್ ದಾರಿ ಉಂಟು ಎಂದು 2023ರ ಮಾರ್ಚ್‌ನಲ್ಲಿ ಪರಶೋತಮ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಶುಲ್ಕ, ಬೋರ್ಡು, ಹೊಟ್ಟೆಪಾಡು

'ಹಿಂಬಾಕಿ ಬಂದರೆ ಇಷ್ಟು ಪರ್ಸೆಂಟ್' ಎಂಬ ಒಪ್ಪಂದ ಮಾಡಿಕೊಳ್ಳಲೇಬೇಡಿ. ಭಾರತೀಯ ವಕೀಲರ ಪರಿಷತ್ತಿನ ನಿಯಮ 20 ಅದನ್ನು ನಿಷೇಧಿಸಿದೆ, ಮಾಜಿ ಸೈನಿಕರನ್ನು ಸುಲಿಯುವ ಏಜೆಂಟರ ದಂಧೆ ನಡೆಯುತ್ತಿರುವುದೂ ಅದರ ಮೇಲೆಯೇ. ಶುಲ್ಕ ಮೊದಲೇ ಹೇಳಿ, ಕಂತಿನಲ್ಲಿ ಪಡೆದು ರಸೀದಿ ಕೊಡಿ. 'ಸೇನಾ ಪ್ರಕರಣಗಳ ತಜ್ಞ' ಎಂಬ ಬೋರ್ಡು ಹಾಕುವುದು, ರೆಜಿಮೆಂಟಿನ ಗ್ರೂಪ್‌ಗಳಲ್ಲಿ ಪ್ರಚಾರ ಮಾಡುವುದು ನಿಯಮ 36ರ ಉಲ್ಲಂಘನೆ.

ಪಿಂಚಣಿ ಪ್ರಕರಣವೊಂದನ್ನೇ ನಂಬಿ ಕಚೇರಿ ತೆರೆಯುವುದು ಸರಿಯಲ್ಲ. ಕನಿಷ್ಠ ಮೂರು ವರ್ಷ ತಾಲ್ಲೂಕು ಅಥವಾ ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯರೊಬ್ಬರ ಕೈಕೆಳಗೆ ಕೂತು ದಾವೆ ಬರೆಯುವುದು, ಪಾಟೀಸವಾಲು ಮಾಡುವುದು ಕಲಿಯಿರಿ. ಸಿವಿಲ್ ನ್ಯಾಯಾಧೀಶರ ಹುದ್ದೆಯ ಆಸೆಯಿದ್ದರೂ ಈ ಮೂರು ವರ್ಷ ಬೇಕು. 2025ರ ಮೇ 20ರ ತೀರ್ಪಿನಿಂದ ವಕೀಲಿಕೆಯ ಅನುಭವ ಮತ್ತೆ ಕಡ್ಡಾಯವಾಗಿದೆ. ಯೋಧರ ಮನೆಯವರ ಜಮೀನು ತಗಾದೆ, ಕೌಟುಂಬಿಕ ವ್ಯಾಜ್ಯಗಳಿಗೆ ನೆರವಾಗಲು 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿದೆ. ಇದರಡಿ ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವು ಕೇಂದ್ರಗಳು ನಡೆಯಬೇಕು. ಸನ್ನದು ಕೈಗೆ ಬಂದ ಕೂಡಲೇ ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರನ್ನು ಕಂಡು, ಪ್ಯಾನೆಲ್ ವಕೀಲರ ಪಟ್ಟಿಗೆ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕೇಳಿ.