ಕಲಿಮ್ನೋಸ್‌ಗೆ ಯಾವ ಹಗ್ಗ ಒಯ್ಯಬೇಕು?

ಗ್ರೀಸಿನ ಕಲಿಮ್ನೋಸ್ ದ್ವೀಪಕ್ಕೆ ಬಂಡೆ ಹತ್ತಲು ಹೊರಟವರು ಬಾದಾಮಿಯಲ್ಲಿ ಬಳಸುವ 60 ಮೀಟರ್ ಹಗ್ಗವನ್ನೇ ಚೀಲಕ್ಕೆ ತುರುಕಬೇಡಿ. ಮೇಲಿನ ಆಂಕರ್‌ನಿಂದ (ಮಾರ್ಗದ ಕೊನೆಯಲ್ಲಿ ಬಂಡೆಗೆ ಬಿಗಿದ ಕೊಂಡಿ) ಹತ್ತಿದವರನ್ನು ನೆಲಕ್ಕೆ ಇಳಿಸಲು ಮಾರ್ಗದ ಎತ್ತರದ ಎರಡರಷ್ಟು ಹಗ್ಗ ಬೇಕು. ಅಲ್ಲಿ 30 ಮೀಟರ್ ದಾಟಿದ ಮಾರ್ಗಗಳು ಬೇಕಾದಷ್ಟಿವೆ. 70 ಮೀಟರ್ ಕನಿಷ್ಠ. ನನ್ನನ್ನು ಕೇಳಿದರೆ 80 ಮೀಟರಿನದನ್ನೇ ಒಯ್ಯಿರಿ.

9.5 ಮಿ.ಮೀ. ದಪ್ಪದ ಹಗ್ಗ ಮೀಟರಿಗೆ ಸುಮಾರು 60 ಗ್ರಾಂ ತೂಗುತ್ತದೆ, ಅಂದರೆ 80 ಮೀಟರಿಗೆ ಐದು ಕಿಲೋ ಹತ್ತಿರ. ವಿಮಾನದ ತೂಕದ ಮಿತಿಗೆ ಹೆದರಿ ತೀರಾ ತೆಳುವಾದದ್ದಕ್ಕೆ ಆಸೆಪಡಬೇಡಿ, ಸುಣ್ಣಕಲ್ಲಿನ ಅಂಚು ಹರಿತ. ಬದಲಿಗೆ ಇಬ್ಬರಿಗೆ ಒಂದೇ ಹಗ್ಗ ಇಟ್ಟುಕೊಳ್ಳಿ. ನಾವು ಆಳಿಗೊಂದರಂತೆ ಹೊತ್ತೊಯ್ದು, ಒಂದನ್ನು ವಾರವಿಡೀ ಮಂಚದ ಕೆಳಗೆ ಮಲಗಿಸಿ ವಾಪಸು ತಂದೆವು. ಅಷ್ಟು ತೂಕಕ್ಕೆ ಎಷ್ಟು ಚಟ್ನಿಪುಡಿ ಹಿಡಿಸುತ್ತಿತ್ತು!

ಎದುರಿನ ತೆಲೆಂಡೋಸ್ ದ್ವೀಪದಲ್ಲಿ ಹಲವು ಹಂತಗಳ ಉದ್ದ ಮಾರ್ಗ ಹತ್ತುವ ಯೋಚನೆಯಿದ್ದರೆ ಮಾತ್ರ 60 ಮೀಟರಿನ ಎರಡು ಹಾಫ್ ರೋಪ್‌ಗಳ (ಜೋಡಿಯಾಗಿ ಬಳಸುವ ತೆಳು ಹಗ್ಗಗಳ) ಬಗ್ಗೆ ಯೋಚಿಸಿ.

ಹಳೆಯ ಹಗ್ಗದ ತುದಿ ಕತ್ತರಿಸಿದ್ದರೆ ಹೊರಡುವ ಮುನ್ನ ಮತ್ತೊಮ್ಮೆ ಅಳೆಯಿರಿ, ನಡುವಿನ ಗುರುತೂ ಜಾಗ ತಪ್ಪಿರುತ್ತದೆ. ಉದ್ದ ಎಷ್ಟೇ ಇರಲಿ, ಬಿಲೇ ಮಾಡುವವರ (ಕೆಳಗೆ ನಿಂತು ಹಗ್ಗ ಹಿಡಿಯುವವರ) ಕಡೆಯ ತುದಿಗೆ ಗಂಟು ಹಾಕದೆ ಯಾರನ್ನೂ ಮೇಲೆ ಕಳಿಸಬೇಡಿ.